ಪ್ರಶ್ನೆಗೂ ದಾನಿಗಳು ಬೇಕಾಗಿದ್ದಾರೆ

ದಾವಣಗೆರೆಯ ಕಾಲೇಜು, ಆಸ್ಪತ್ರೆ, ಛತ್ರಗಳ ಹೆಸರುಗಳನ್ನು ಬಿಡಿಸಿ ಓದುತ್ತಾ ಹೋದರೆ ಊರಿನ ದಾನಿಗಳ ಪಟ್ಟಿಯೇ ಕೈಗೆ ಸಿಗುತ್ತದೆ. 1951ರಲ್ಲಿ ಶುರುವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಮೂರು ಅಕ್ಷರಗಳಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಇದ್ದಾರೆ. ಡಿಆರ್‌ಎಂ ವಿಜ್ಞಾನ ಕಾಲೇಜಿನಲ್ಲಿ ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪ ಇದ್ದಾರೆ. ಜಿಲ್ಲಾಸ್ಪತ್ರೆಗೆ ಹೋಗಬೇಕೆಂದರೆ ಆಟೋದವರಿಗೆ ಇಂದಿಗೂ ‘ಚಿಗಟೇರಿ ಆಸ್ಪತ್ರೆ’ ಎಂದರೇ ಗೊತ್ತಾಗುವುದು. ಹತ್ತಿ, ಮಿಲ್ಲು, ದಲ್ಲಾಳಿ ಮಂಡಿಗಳಲ್ಲಿ ದುಡಿದ ಹಣದ ಒಂದು ಪಾಲು ಕಲ್ಲು-ಗಾರೆಯಾಗಿ ಊರಿಗೇ ಮರಳಿದ್ದರಿಂದ ದಾವಣಗೆರೆ ವಿದ್ಯಾನಗರಿಯಾಯಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಾಪೂಜಿ ಡೆಂಟಲ್ ಕಾಲೇಜು, 2006ರಲ್ಲಿ ಎಸ್.ಎಸ್. ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದವು. ತೋಳಹುಣಸೆಯ ಸ್ನಾತಕೋತ್ತರ ಕೇಂದ್ರ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು.

ಆದರೆ ಆ ಕಟ್ಟಡಗಳ ಒಳಗೆ ಕೂತ ಮೂವತ್ತೆರಡರ ಸಹಾಯಕ ಪ್ರಾಧ್ಯಾಪಕಿಯ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿದರೆ, ಅದನ್ನು ಮೂರು ವರ್ಷ ಬೆನ್ನಟ್ಟುವುದಕ್ಕೆ ಹಣ ಕೊಡುವವರು ಯಾರು? ಕಟ್ಟಡಕ್ಕೆ ದಾನ ಕೊಟ್ಟರೆ ಬಾಗಿಲ ಮೇಲೆ ಹೆಸರು ಬರುತ್ತದೆ. ಪ್ರಶ್ನೆಗೆ ಬಾಗಿಲಿಲ್ಲ. ಮೂರು ವರ್ಷದ ಕೊನೆಗೆ ‘ನಾವು ಅಂದುಕೊಂಡದ್ದು ಸುಳ್ಳು’ ಎಂಬ ಉತ್ತರ ಬರಬಹುದು, ಅದೂ ಉತ್ತರವೇ. ಅಂಥದ್ದಕ್ಕೆ ದುಡ್ಡು ಬಿಚ್ಚುವ ಅಭ್ಯಾಸ ನಮ್ಮ ಊರುಗಳಿಗೆ ಇನ್ನೂ ಆಗಿಲ್ಲ. ಹಾಗಾಗಿ ಪ್ರಶ್ನೆ ಹೊತ್ತವರು ದೆಹಲಿಯ ಕಡೆ ಮುಖ ಮಾಡುತ್ತಾರೆ.

ದೆಹಲಿಯಲ್ಲಿ ಬಾಗಿಲುಗಳಿಗೆ ಬರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, 1911ರಷ್ಟು ಹಿಂದೆಯೇ ಬೇರೊಂದು ಹೆಸರಿನಲ್ಲಿ ಹುಟ್ಟಿದ ಸಂಸ್ಥೆ. ಎಂಬಿಬಿಎಸ್ ಹುಡುಗರಿಗೆ ಎರಡು ತಿಂಗಳ ಸಂಶೋಧನೆಗೆ ಅದು ಕೊಡುವ ‘ಎಸ್‌ಟಿಎಸ್’ ವಿದ್ಯಾರ್ಥಿವೇತನ 1979ರಿಂದ ಇದೆ. ಎಷ್ಟೋ ವೈದ್ಯರ ಬಾಳಿನಲ್ಲಿ ಸಂಶೋಧನೆಗೆಂದು ಬಂದ ಮೊದಲ ಹಣ ಅದು, ಹಲವರಿಗೆ ಕೊನೆಯದೂ ಹೌದು. ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿ ‘ಸರ್ಬ್’ ಎಂಬ ಮಂಡಳಿ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅರ್ಜಿ ಹಾಕಿದರೆ ಎರಡು ವರ್ಷಕ್ಕೆ 30 ಲಕ್ಷದವರೆಗೆ ಕೊಡುತ್ತಿತ್ತು. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ (ಎಎನ್‌ಆರ್‌ಎಫ್) ಅದನ್ನು ಒಳಗೆ ಸೇರಿಸಿಕೊಂಡಿದೆ. ಈಗಿನ ಹೊಸಬರ ಗ್ರಾಂಟ್‌ಗೆ ಪ್ರಧಾನಮಂತ್ರಿಯ ಹೆಸರಿದ್ದು, ಮೂರು ವರ್ಷಕ್ಕೆ 60 ಲಕ್ಷದವರೆಗೆ ಸಿಗುತ್ತದೆ. ಬಯೋಟೆಕ್ನಾಲಜಿ ಇಲಾಖೆ ಮತ್ತು ಲಂಡನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಿಂದ ನಡೆಸುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳಂತೂ ಬಯೋಮೆಡಿಕಲ್ ಲೋಕದಲ್ಲಿ ಚಿನ್ನದ ಪದಕವಿದ್ದಂತೆ. ಅದರ ಮೂರನೇ ಹಂತಕ್ಕೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಇಲಾಖೆಯಿಂದ 1,000 ಕೋಟಿ, ವೆಲ್‌ಕಮ್‌ನಿಂದ 500 ಕೋಟಿ.

ಹಣ ಸಾಕಷ್ಟಿದೆ ಎಂದಲ್ಲ. 2020-21ರ ಲೆಕ್ಕದಲ್ಲಿ ದೇಶ ಒಟ್ಟು ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64 ಮಾತ್ರ. ಆದರೆ ಇದ್ದಷ್ಟೂ ಹಣ ದಾವಣಗೆರೆಯಂಥ ಊರಿನ ಹೊಸಬರ ಕೈಗೆ ಏಕೆ ಸುಲಭವಾಗಿ ಬರುವುದಿಲ್ಲ ಎಂಬುದು ಬೇರೆಯದೇ ಕಥೆ. ಅದನ್ನು ತಿಳಿಯಲು ಅರ್ಜಿಯನ್ನೇ ಬಿಚ್ಚಿ ನೋಡಬೇಕು. ನೋಡೋಣ. ಕಲ್ಪನೆಯ ಅರ್ಜಿ, ಆದರೆ ನಿಜವಾದ ಹೊಗೆ.

ದಾವಣಗೆರೆಯ ಹಳೇ ಭಾಗದಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಸಂಜೆಯ ಮೆಣಸಿನಕಾಯಿ-ಮಂಡಕ್ಕಿಗೆ ಬೇಕಾದ ಮಂಡಕ್ಕಿ ಅಲ್ಲಿಂದಲೇ ಬರಬೇಕು, ಊರಿಗಷ್ಟೇ ಅಲ್ಲ, ಸುತ್ತಲಿನ ಜಿಲ್ಲೆಗಳಿಗೂ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿನಲ್ಲಿ ಹುರಿದರೆ ಅರಳುತ್ತದೆ. ಒಲೆಗೆ ಭತ್ತದ ಹೊಟ್ಟು. ಹಳೇ ಟೈರು ಉರಿಸುತ್ತಾರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೂ ಉಂಟು. 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಗೆ ದಾವಣಗೆರೆ ಸೇರಿದಾಗ ಭಟ್ಟಿ ಪ್ರದೇಶದ ಸುಧಾರಣೆಯೂ ಆ ಕನಸಿನ ಭಾಗವಾಗಿತ್ತು. ಈಗ ಪುಪ್ಪುಸ ರೋಗಗಳ ವಿಭಾಗಕ್ಕೋ ಸಮುದಾಯ ವೈದ್ಯಕೀಯಕ್ಕೋ ಹೊಸದಾಗಿ ಸೇರಿದ ಒಬ್ಬ ವೈದ್ಯೆ, ತನ್ನ ಓಪಿಡಿಗೆ ಕೆಮ್ಮಿಕೊಂಡು ಬರುವ ಭಟ್ಟಿ ಕೆಲಸದ ಹೆಂಗಸರನ್ನು ನೋಡಿ ಕೇಳಿಕೊಳ್ಳುತ್ತಾಳೆ ಎನ್ನಿ: ಬೀಡಿ ಮುಟ್ಟದ ಇವರ ಶ್ವಾಸಕೋಶ ಎಷ್ಟು ವರ್ಷಕ್ಕೆ ಎಷ್ಟು ಕುಗ್ಗುತ್ತದೆ? ಹೊಗೆಯಿಂದಲೋ, ಹುರಿಯುವ ಮರಳಿನ ನುಣ್ಣನೆಯ ಧೂಳಿನಿಂದಲೋ?

ಒಳ್ಳೆಯ ಪ್ರಶ್ನೆ. ಬೆಂಗಳೂರಿನ ಯಾವ ದೊಡ್ಡ ಸಂಸ್ಥೆಗೂ ಈ ಓಪಿಡಿ ಇಲ್ಲ, ಈ ಭಟ್ಟಿ ಇಲ್ಲ. ಜಿಲ್ಲಾ ಕೇಂದ್ರದ ಸಂಶೋಧಕರಿಗಿರುವ ದೊಡ್ಡ ಆಸ್ತಿಯೇ ಇದು, ಮತ್ತು ಅವರು ಬಳಸದೆ ಬಿಟ್ಟಿರುವ ಆಸ್ತಿಯೂ ಇದೇ. ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸಲ್ಲಿಕೆಯಾಗುವ ಪಿಜಿ ಥೀಸಿಸ್‌ಗಳ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿದರೆ ‘ತೃತೀಯ ಹಂತದ ಆಸ್ಪತ್ರೆಯೊಂದರಲ್ಲಿ ಇಂಥ ಕಾಯಿಲೆಯವರಲ್ಲಿ ಇಂಥ ವಿಟಮಿನ್ ಮಟ್ಟ: ಒಂದು ಅಧ್ಯಯನ’ ಎಂಬ ಅಚ್ಚಿನವು ಸಾಲುಸಾಲು. ಊರಿನ ಹೆಸರು ತೆಗೆದರೆ ಯಾವ ಊರಿಗಾದರೂ ಹೊಂದುತ್ತವೆ. ಪರಿಶೀಲಕರು ಇಂಥದ್ದನ್ನು ಬದಿಗಿಟ್ಟರೆ ಅವರನ್ನು ದೂರುವಂತಿಲ್ಲ.

ಸರಿ, ಪ್ರಶ್ನೆ ಸಿಕ್ಕಿತು. ಅರ್ಜಿ ಮೊದಲು ಕೇಳುವುದು, ಇದಕ್ಕೆ ಮುನ್ನ ನೀವು ಏನು ಮಾಡಿದ್ದೀರಿ, ಪ್ರಾಥಮಿಕ ದತ್ತಾಂಶ ಎಲ್ಲಿ ಎಂದು. ಐವತ್ತು ಜನರ ಉಸಿರಿನ ಪರೀಕ್ಷೆಯನ್ನಾದರೂ ಮಾಡಿ ಅಂಕಿ ಇಟ್ಟರೆ ಅರ್ಜಿಗೆ ಬಲ. ಆ ಐವತ್ತು ಜನರನ್ನು ಪರೀಕ್ಷಿಸಲು ಸ್ಪೈರೋಮೀಟರ್ ಬೇಕು, ಒಬ್ಬ ಸಹಾಯಕ ಬೇಕು, ಅರ್ಧ ದಿನದ ಕೂಲಿ ಬಿಟ್ಟು ಬಂದವರಿಗೆ ಆ ಕೂಲಿಯನ್ನಾದರೂ ತುಂಬಿಕೊಡಬೇಕು. ಅದಕ್ಕೆಲ್ಲ ಗ್ರಾಂಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಜಗತ್ತಿನ ಎಲ್ಲ ಹೊಸ ವಿಜ್ಞಾನಿಗಳ ಗೋಳೂ ಇದೇ ಆದರೂ, ದೊಡ್ಡ ಸಂಸ್ಥೆಗೆ ಸೇರಿದವರಿಗೆ ಕೆಲಸದ ಪತ್ರದ ಜೊತೆಗೇ ಆರಂಭದ ಹಣ, ಪಕ್ಕದ ಲ್ಯಾಬಿನ ಯಂತ್ರ, ಹಿರಿಯರ ಉಳಿದ ಗ್ರಾಂಟ್ ಸಿಗುತ್ತವೆ. ಇಲ್ಲಿ ವಿಭಾಗದ ಮುಖ್ಯಸ್ಥರಿಗೇ ಗ್ರಾಂಟ್ ಇಲ್ಲದಿದ್ದರೆ ಕಿರಿಯರಿಗೆ ಉಳಿದದ್ದು ಎಲ್ಲಿಂದ ಬರಬೇಕು?

ಎರಡನೆಯದು ಎಷ್ಟು ಜನ ಎಂಬ ಲೆಕ್ಕ. ನಮ್ಮ ಪಿಜಿಗಳ ಬಾಯಲ್ಲಿ 384 ಎಂಬ ಸಂಖ್ಯೆ ಮಂತ್ರದಂತೆ ಓಡಾಡುತ್ತದೆ. ಕಾಯಿಲೆ ಎಷ್ಟು ಜನರಲ್ಲಿದೆ ಎಂಬುದು ಗೊತ್ತಿಲ್ಲದಾಗ ಶೇ 50 ಎಂದು ಹಿಡಿದು, ಶೇ 5ರ ತಪ್ಪಿಗೆ ಅವಕಾಶ ಕೊಟ್ಟು ಸೂತ್ರಕ್ಕೆ ಹಾಕಿದರೆ ಬರುವ ಉತ್ತರ ಅದು. ಎಷ್ಟು ಜನರಲ್ಲಿ ಕಾಯಿಲೆ ಇದೆ ಎಂದು ಎಣಿಸುವುದಕ್ಕೆ ಅದು ಸರಿ. ವರ್ಷದಿಂದ ವರ್ಷಕ್ಕೆ ಶ್ವಾಸಕೋಶ ಎಷ್ಟು ಕುಗ್ಗಿತು, ಭಟ್ಟಿಯವರಲ್ಲಿ ಕುಗ್ಗಿದ್ದು ಅದೇ ಬೀದಿಯ ಅಂಗಡಿಯವರಿಗಿಂತ ಹೆಚ್ಚೇ ಎಂದು ಕೇಳಿದರೆ ಲೆಕ್ಕವೇ ಬೇರೆ. ನಡುವೆ ಊರು ಬಿಟ್ಟು ಹೋಗುವವರನ್ನೂ ಸೇರಿಸಿಕೊಳ್ಳಬೇಕು. ಇಲ್ಲಿ ಅಂಕಿಅಂಶ ತಜ್ಞರು ಬೇಕು. ಮೆಡಿಕಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅವರು ಸಮುದಾಯ ವೈದ್ಯಕೀಯ ವಿಭಾಗದ ಒಂದು ಮೇಜಿನ ಹಿಂದೆ ಇರುತ್ತಾರೆ, ಸಿನಾಪ್ಸಿಸ್ ಕಳಿಸುವ ಕಾಲದಲ್ಲಿ ಆ ಮೇಜಿನ ಮುಂದೆ ಪಿಜಿಗಳ ಸಾಲು. ಸಂಖ್ಯಾಶಾಸ್ತ್ರದ ಜಗದ್ವಿಖ್ಯಾತ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಹೂವಿನಹಡಗಲಿಯಲ್ಲಿ ಎಂಬುದನ್ನು ನೆನೆದು ಒಂದು ಕ್ಷಣ ಬೀಗಬಹುದು, ಆಮೇಲೆ ಸಾಲಿನಲ್ಲಿ ನಿಲ್ಲಬೇಕು.

ಮೂರನೆಯದು ಎಥಿಕ್ಸ್ ಕಮಿಟಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುವಂತೆ, ಅಧ್ಯಯನಕ್ಕೆ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಭಟ್ಟಿ ಬೀದಿಯಲ್ಲಿ ಅಂದರೆ ಕನ್ನಡದಲ್ಲಿ, ಉರ್ದುವಿನಲ್ಲಿ. ಓದು ಬಾರದವರಿಗೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ಭಟ್ಟಿಯಲ್ಲಿ ಹದಿನೆಂಟು ತುಂಬದ ಹುಡುಗ ಸಿಕ್ಕರೆ ಏನು ಮಾಡುತ್ತೀರಿ? ಯಾರಿಗಾದರೂ ಟಿಬಿ ಪತ್ತೆಯಾದರೆ ಎಲ್ಲಿಗೆ ಕಳಿಸುತ್ತೀರಿ? ನಿಮ್ಮ ವರದಿ ಹಿಡಿದುಕೊಂಡು ಮಾಲಿನ್ಯ ಮಂಡಳಿ ಭಟ್ಟಿಗೆ ಬೀಗ ಹಾಕಿದರೆ, ಶ್ವಾಸಕೋಶ ಉಳಿದು ಹೊಟ್ಟೆಪಾಡು ಹೋದವರಿಗೆ ನೀವು ಏನು ಹೇಳುತ್ತೀರಿ? ಕಡೆಯ ಪ್ರಶ್ನೆಗೆ ಯಾವ ಮಾರ್ಗಸೂಚಿಯಲ್ಲೂ ಪೂರ್ತಿ ಉತ್ತರವಿಲ್ಲ. ಆದರೆ ಭಟ್ಟಿ ಮಾಲೀಕರು ಬಾಗಿಲಲ್ಲೇ ಕೇಳುವುದು ಅದನ್ನೇ.

ಪ್ರಶ್ನೆ ಇಷ್ಟೊಂದು ಸ್ಥಳೀಯವಾದಷ್ಟೂ ಹೊರಗಿನ ಹಣಕ್ಕೆ ಅದರ ತುರ್ತು ಕಾಣುವುದಿಲ್ಲ. ಇದಕ್ಕೆ ವಿರುದ್ಧದ ಉದಾಹರಣೆ ಮಲೆನಾಡಿನಲ್ಲೇ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಮಂಗ ಸಾಯುತ್ತಿದೆ ಎಂದ ಕೂಡಲೇ ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಭಯ ಹುಟ್ಟಿತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಐಸಿಎಂಆರ್ 1952ರಲ್ಲಿ ಪುಣೆಯಲ್ಲಿ ಕಟ್ಟಿದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡಿಗೆ ಬಂದು, ಅದು ಹಳದಿ ಜ್ವರವಲ್ಲ, ಉಣ್ಣೆಯಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಹಣ, ಯಂತ್ರ, ಪರಿಣತರು ಎಲ್ಲ ಓಡಿಬಂದದ್ದು ಹೊರಗಿನವರಿಗೂ ಭಯವಾದ್ದರಿಂದ. ಮಂಡಕ್ಕಿ ಹೊಗೆಗೆ ಜಿನೀವಾದಲ್ಲಿ ಯಾರೂ ಬೆಚ್ಚುವುದಿಲ್ಲ. ಹಾಗಾಗಿ ಅರ್ಜಿ ಬರೆಯುವವರು ಭಟ್ಟಿಯನ್ನು ಹಿಡಿದು ದೊಡ್ಡ ಪ್ರಶ್ನೆಗೆ ದಾರಿ ತೋರಿಸಬೇಕು. ಕೃಷಿ ಉಳಿಕೆಯ ಹೊಗೆ ಮತ್ತು ಸಿಲಿಕಾ ಧೂಳು ಎರಡನ್ನೂ ಒಟ್ಟಿಗೆ ಉಸಿರಾಡುವವರಲ್ಲಿ ಏನಾಗುತ್ತದೆ ಎಂದು ಕೇಳಿದರೆ ಒಡಿಶಾದವರಿಗೂ ಬಾಂಗ್ಲಾದೇಶದವರಿಗೂ ಉತ್ತರ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಐಸಿಎಂಆರ್‌ನ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಧೂಳು ಅಳೆಯುವ ಕೆಲಸಕ್ಕೆ ಅಲ್ಲಿಯವರನ್ನು ಸಹ-ಸಂಶೋಧಕರಾಗಿ ಸೇರಿಸಿಕೊಂಡರೆ ಅರ್ಜಿಯ ಮುಖವೇ ಬದಲಾಗುತ್ತದೆ.

ಇಷ್ಟೆಲ್ಲ ಆದಮೇಲೆ ವಿಜ್ಞಾನಕ್ಕೆ ಸಂಬಂಧವೇ ಇಲ್ಲದ ಒಂದು ಕಂಬ ಅಡ್ಡ ಬರುತ್ತದೆ. ದಾವಣಗೆರೆಯ ಎರಡೂ ಹಳೇ ಮೆಡಿಕಲ್ ಕಾಲೇಜುಗಳು ಖಾಸಗಿ ಸಂಸ್ಥೆಗಳವು. ಆರೋಗ್ಯ ಸಂಶೋಧನಾ ಇಲಾಖೆ ದೇಶದ ಹಲವು ಕಾಲೇಜುಗಳಲ್ಲಿ ಯಂತ್ರ, ವಿಜ್ಞಾನಿಗಳ ಸಮೇತ ಕಟ್ಟಿಕೊಟ್ಟಿರುವ ಬಹುಶಿಸ್ತೀಯ ಸಂಶೋಧನಾ ಘಟಕಗಳು ಸರ್ಕಾರಿ ಕಾಲೇಜುಗಳಿಗೆ ಮೀಸಲು. ಖಾಸಗಿಯವರು ಹೆಚ್ಚಿನ ಕೇಂದ್ರ ಗ್ರಾಂಟ್‌ಗಳಿಗೆ ಅರ್ಜಿ ಹಾಕುವ ಮೊದಲು ಡಿಎಸ್‌ಐಆರ್ ಇಲಾಖೆಯಿಂದ ಸಂಶೋಧನಾ ಸಂಸ್ಥೆ ಎಂಬ ‘ಸೈರೋ’ ಮಾನ್ಯತೆ, ನೀತಿ ಆಯೋಗದ ದರ್ಪಣ್ ನೋಂದಣಿ, ಮೂರು ವರ್ಷದ ಆಡಿಟ್ ಲೆಕ್ಕ ಹೊಂದಿಸಿಕೊಳ್ಳಬೇಕು. ಇದು ಕಿರಿಯ ವಿಜ್ಞಾನಿಯ ಕೆಲಸವಲ್ಲ, ಕಚೇರಿಯ ಕೆಲಸ. ಕಚೇರಿಯಲ್ಲಿ ಆ ಕೆಲಸಕ್ಕೆಂದೇ ಒಬ್ಬ ಮನುಷ್ಯ ಇಲ್ಲದಿದ್ದರೆ, ಕೊನೆಯ ದಿನಾಂಕದ ಹಿಂದಿನ ಸಂಜೆ ಓಪಿಡಿ ಮುಗಿಸಿ ಬಂದ ವೈದ್ಯೆಯೇ ಪ್ರಾಂಶುಪಾಲರ ಸಹಿ, ಸೀಲು, ಸ್ಕ್ಯಾನ್ ಎಂದು ಮಹಡಿ ಹತ್ತಿ ಇಳಿಯುತ್ತಾಳೆ. ನನ್ನ ಮಟ್ಟಿಗೆ ದಾವಣಗೆರೆಯಂಥ ಊರಿನ ಸಂಶೋಧನೆಗೆ ಹೊಸ ಯಂತ್ರಕ್ಕಿಂತ ಮೊದಲು ಬೇಕಾದದ್ದು ಇಂಥ ಒಬ್ಬ ಗುಮಾಸ್ತ. ಗುಮಾಸ್ತನಿಗೆ ಯಾರೂ ದಾನ ಕೊಟ್ಟದ್ದನ್ನು ಕೇಳಿಲ್ಲ.

ತೋಳಹುಣಸೆಯ ಕಡೆಯ ಗೋಳು ಇನ್ನೊಂದು ಬಗೆಯದು. ವಿಶ್ವವಿದ್ಯಾಲಯ ಸರ್ಕಾರದ್ದು, ಸೈರೋ ತೊಡಕು ಅಷ್ಟಿಲ್ಲ. ಆದರೆ ಎಎನ್‌ಆರ್‌ಎಫ್‌ನ ಹೊಸಬರ ಗ್ರಾಂಟ್ ಕೇಳಲು ಕಾಯಂ ಹುದ್ದೆ ಇರಬೇಕು, ವಯಸ್ಸು 42 ದಾಟಿರಬಾರದು. ಹೆಂಗಸರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಸ್ವಲ್ಪ ರಿಯಾಯಿತಿ ಇದೆ. ರಾಜ್ಯದ ವಿವಿಗಳಲ್ಲಿ ಎಷ್ಟೊಂದು ಪಾಠ ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ! ಮೈಕ್ರೋಬಯಾಲಜಿಯಲ್ಲೋ ಬಯೋಕೆಮಿಸ್ಟ್ರಿಯಲ್ಲೋ ಪಿಎಚ್‌ಡಿ ಮುಗಿಸಿ ಮೂವತ್ತರಿಂದ ನಲವತ್ತರವರೆಗೆ ವರ್ಷ ವರ್ಷ ಅತಿಥಿಯಾಗಿಯೇ ದುಡಿದವರು, ಕಾಯಂ ನೇಮಕಾತಿ ಬರುವ ಹೊತ್ತಿಗೆ ‘ಹೊಸಬರು’ ಎಂಬ ವರ್ಗದಿಂದ ವಯಸ್ಸಿನ ಲೆಕ್ಕದಲ್ಲಿ ಹೊರಗೆ ಬಿದ್ದಿರುತ್ತಾರೆ. ಕಾಯಂ ಆದವರಿಗೆ ‘ಟೇರ್’ ಎಂಬ ಯೋಜನೆಯಲ್ಲಿ ದೊಡ್ಡ ಸಂಸ್ಥೆಯೊಂದರ ಲ್ಯಾಬಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡುವ ದಾರಿ ಇದೆ, ರಾಜ್ಯ ವಿವಿಗಳಿಗೆಂದೇ ‘ಶೂರ್’ ಎಂಬ ಗ್ರಾಂಟ್ 2022ರಲ್ಲಿ ಬಂತು. ಅತಿಥಿಗೆ ಇವೆರಡೂ ಇಲ್ಲ.

ಗ್ರಾಂಟ್ ಬಂದೇ ಬಿಟ್ಟಿತು ಎನ್ನೋಣ. ಪತ್ರ ಬಂದ ದಿನ ವಿಭಾಗದಲ್ಲಿ ಬೆಣ್ಣೆದೋಸೆ. ಮಾರನೇ ದಿನದಿಂದ ಯುಸಿ ಎಂಬ ಎರಡಕ್ಷರದ ಸಹವಾಸ. ಯುಸಿ ಅಂದರೆ ಹಣ ಬಳಕೆಯ ಪ್ರಮಾಣಪತ್ರ. ಮಾರ್ಚ್ 31ಕ್ಕೆ ಕೊಟ್ಟ ಹಣವೆಲ್ಲ ಕೊಟ್ಟ ಬಾಬತ್ತಿಗೇ ಖರ್ಚಾಯಿತು ಎಂದು ಲೆಕ್ಕಪರಿಶೋಧಕರ ಸಹಿಯೊಂದಿಗೆ ಕಳಿಸದಿದ್ದರೆ ಮುಂದಿನ ಕಂತು ಇಲ್ಲ. ಕಂತು ಡಿಸೆಂಬರಿನಲ್ಲಿ ಬಂದು ಮಾರ್ಚಿನೊಳಗೆ ಮುಗಿಸಿ ಎಂದರೆ ಟೆಂಡರ್ ಕರೆದು ಯಂತ್ರ ತರುವುದು ಹೇಗೆ? ಯಂತ್ರದ ಬೆಲೆಯೂ ಕೂತಲ್ಲಿ ಕೂರುವುದಿಲ್ಲ. ಸರ್ಕಾರಿ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯಗಳಿಗೆ ವೈಜ್ಞಾನಿಕ ಉಪಕರಣದ ಮೇಲಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ದರ 2022ರ ಜುಲೈನಲ್ಲಿ ಹೋಯಿತು. ಹಳೇ ದರದಲ್ಲಿ ಬಜೆಟ್ ಬರೆದವರಿಗೆ ಅದೊಂದು ಏಟು.

ಜನ ಸಿಗುವುದು ಇನ್ನೂ ಕಷ್ಟ. ನೆಟ್ ಅಥವಾ ಗೇಟ್ ಪಾಸಾದ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕ, ಒಬ್ಬರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಭತ್ಯೆ ಕೇಂದ್ರ ಸರ್ಕಾರದ ಊರಿನ ದರ್ಜೆಯ ಪ್ರಕಾರ. ಐದು ಲಕ್ಷ ಜನಸಂಖ್ಯೆ ದಾಟದ ಊರು ಕೊನೆಯ ದರ್ಜೆ. 2011ರ ಜನಗಣತಿಯಲ್ಲಿ ದಾವಣಗೆರೆ 4.35 ಲಕ್ಷ, ಹಾಗಾಗಿ ಕೊನೆಯ ದರ್ಜೆ. ಬೆಂಗಳೂರಿನ ಭತ್ಯೆಯ ದರ ಇಲ್ಲಿಯದರ ಮೂರು ಪಟ್ಟು. ಬೆಂಗಳೂರಿನ ಬಾಡಿಗೆಗೆ ಅದು ನ್ಯಾಯವೇ, ವಾದವಿಲ್ಲ. ಆದರೆ ಅದೇ ನೆಟ್ ಪಾಸಾದ ಹುಡುಗಿ ಎರಡೂ ಕಡೆಯ ಜಾಹೀರಾತು ನೋಡಿದಾಗ, ಒಂದು ಕಡೆ ಹೆಚ್ಚು ಮೊತ್ತ, ಹೆಸರಾಂತ ಲ್ಯಾಬು, ಮುಂದೆ ವಿದೇಶಕ್ಕೆ ಹೋಗುವ ದಾರಿ. ಇನ್ನೊಂದು ಕಡೆ ಭಟ್ಟಿ ಬೀದಿಯಲ್ಲಿ ಸ್ಪೈರೋಮೀಟರ್ ಹಿಡಿದು ಓಡಾಟ. ಹರಿಹರದ ಹುಡುಗಿಯೇ ಆಗಿದ್ದು, ಮನೆಯಿಂದಲೇ ಹದಿನಾಲ್ಕು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಹೋಗುವಂತಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಇಂಥ ಪ್ರಾಜೆಕ್ಟುಗಳು ಊರಿನ ಮಕ್ಕಳ ಮೇಲೆ ನಿಂತಿರುವುದು ಹೀಗೆ.

ಇನ್ನು ತಿರಸ್ಕಾರ. ಅರ್ಜಿ ಹಾಕಿದ ಬಹುಪಾಲು ಜನರಿಗೆ ಬರುವುದು ಅದೇ, ಎಲ್ಲ ದೇಶಗಳಲ್ಲೂ. ‘ಹೊಸತನ ಸಾಲದು’, ‘ಪ್ರಾಥಮಿಕ ದತ್ತಾಂಶವಿಲ್ಲ’, ‘ಉಪಕರಣದ ಬೇಡಿಕೆಗೆ ಸಮರ್ಥನೆಯಿಲ್ಲ’ ಎಂಬಂಥ ಸಾಲುಗಳು. ಕೆಲವೊಮ್ಮೆ ಆ ಸಾಲೂ ಇರುವುದಿಲ್ಲ. ಸುಮಾರಾದವುಗಳನ್ನು ಬಿಟ್ಟು ಮೇಲಿನ ತೆನೆ ಆರಿಸಿದ ಮೇಲೂ, ಹಣವಿರುವುದಕ್ಕಿಂತ ಹೆಚ್ಚು ಒಳ್ಳೆಯ ಅರ್ಜಿಗಳು ಉಳಿಯುತ್ತವೆ. ಅವುಗಳಲ್ಲಿ ಯಾವುದು ಮೇಲು ಎಂದು ಹೇಳುವುದು ಪರಿಶೀಲಕರಿಗೂ ಸಾಧ್ಯವಿಲ್ಲ ಎಂದು ಒಪ್ಪಿಕೊಂಡ ದೇಶಗಳಿವೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಬಗೆಯ ಗ್ರಾಂಟ್‌ಗೆ, ಯೋಗ್ಯವೆಂದು ಒಪ್ಪಿದ ಅರ್ಜಿಗಳ ನಡುವೆ ಚೀಟಿ ಎತ್ತಲು ಶುರು ಮಾಡಿತು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ 2021ರಿಂದ, ಅರ್ಜಿಗಳು ಸಮಸಮ ಬಂದಾಗ ಚೀಟಿಗೆ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಚೀಟಿ ಎಂದರೆ ನಗುತ್ತಾರೆ. ಆದರೆ ಸಂಸ್ಥೆಯ ಹೆಸರು ನೋಡಿ ಅರೆಕ್ಷಣ ಹೆಚ್ಚು ಗೌರವ ಕೊಡುವ ಕಣ್ಣಿಗಿಂತ ಚೀಟಿ ದಾವಣಗೆರೆಯ ಅರ್ಜಿಗೆ ನ್ಯಾಯವಾದೀತು ಎಂದು ನನಗನಿಸುತ್ತದೆ.

ಎಲ್ಲಿಂದ ಬಂದ ಹಣ ಎಂಬುದೂ ಪ್ರಶ್ನೆಯ ಸ್ವರೂಪವನ್ನು ಬದಲಿಸುತ್ತದೆ. ಇದಕ್ಕೆ ಹರಿಹರಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ. ಹೊಳೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. 1980ರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯ, ಮೀನುಗಳ ಸಾವು, ಕೆಳದಡದ ಹಳ್ಳಿಗಳ ದೂರುಗಳನ್ನು ಎತ್ತಿಕೊಂಡು ಸಮಾಜ ಪರಿವರ್ತನ ಸಮುದಾಯ ದೊಡ್ಡ ಹೋರಾಟವನ್ನೇ ನಡೆಸಿತು. ನದಿಯ ನೀರು ಕುಡಿದ ಹಳ್ಳಿಗಳ ಆರೋಗ್ಯವನ್ನು ಇಪ್ಪತ್ತು ವರ್ಷ ಹಿಂಬಾಲಿಸುವ ಅಧ್ಯಯನವನ್ನು ಇಂದು ಒಬ್ಬ ಯುವ ಸಂಶೋಧಕ ಬರೆಯಲು ಕೂತರೆ ಮೊದಲ ತೊಡಕು ಆಡಳಿತದ್ದು. ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ, ಇಬ್ಬರು ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿ ಬೇಕು. ಎರಡನೆಯದು ಹಣದ್ದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು, ಸರ್ಕಾರಿ ವಿಶ್ವವಿದ್ಯಾಲಯಗಳ ವೈಜ್ಞಾನಿಕ, ವೈದ್ಯಕೀಯ ಸಂಶೋಧನೆಗೆ ಕೊಟ್ಟರೂ ಅದು ಲೆಕ್ಕಕ್ಕೆ ಬರುತ್ತದೆ. ಬಡ ವಿಶ್ವವಿದ್ಯಾಲಯಕ್ಕೆ ಇದು ವರ. ಆದರೆ ಯಾವುದೇ ಕಾರ್ಖಾನೆಯ ನೆರಳಿನ ಆರೋಗ್ಯವನ್ನು ಅದೇ ಕಾರ್ಖಾನೆಯ ಹಣದಿಂದ ಅಳೆದರೆ, ಫಲಿತಾಂಶ ಎಷ್ಟೇ ಪ್ರಾಮಾಣಿಕವಾಗಿದ್ದರೂ ನಂಬುವವರು ಕಡಿಮೆ. ಕಾರ್ಖಾನೆ ನಿರ್ದೋಷಿ ಎಂದು ಬಂದರೆ ಹಳ್ಳಿ ನಂಬದು, ದೋಷಿ ಎಂದು ಬಂದರೆ ಮುಂದಿನ ವರ್ಷದ ಹಣ ಅನುಮಾನ. ಇಂಥ ಪ್ರಶ್ನೆಗಳಿಗೆ ಸರ್ಕಾರದ ಹಣವೇ ಬೇಕು, ಅದೂ ಸುದೀರ್ಘ ಕಾಲಕ್ಕೆ. ನಮ್ಮ ಗ್ರಾಂಟ್‌ಗಳು ಮೂರು ವರ್ಷಕ್ಕೆ ಉಸಿರು ಬಿಡುತ್ತವೆ.

ಅಡಿಕೆಯದೂ ಇದೇ ಪಾಡು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ಅತ್ತ ಚನ್ನಗಿರಿ, ಹೊನ್ನಾಳಿ ಸೀಮೆಯ ತೋಟಗಳ ಬದುಕು ನಿಂತಿರುವುದೇ ಅಡಿಕೆಯ ಮೇಲೆ. ಇತ್ತ ದಾವಣಗೆರೆಯ ಎರಡು ಡೆಂಟಲ್ ಕಾಲೇಜುಗಳ ಕುರ್ಚಿಯಲ್ಲಿ, ಗುಟ್ಕಾ ಜಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದ ಹುಡುಗರು. ತಂಬಾಕಿಲ್ಲದೆ ಬರೀ ಅಡಿಕೆ ತಿನ್ನುವವರಲ್ಲಿ ಏನಾಗುತ್ತದೆ, ಸಂಸ್ಕರಿಸುವ ಬಗೆಯಿಂದ ವ್ಯತ್ಯಾಸವಾಗುತ್ತದೆಯೇ ಎಂಬುದನ್ನು ಬೆಳೆಗಾರರೂ ವೈದ್ಯರೂ ಇಬ್ಬರೂ ನಂಬುವಂತೆ ಅಧ್ಯಯನ ಮಾಡಲು ಇದಕ್ಕಿಂತ ತಕ್ಕ ಜಾಗ ಹುಡುಕಿದರೂ ಸಿಗದು. ಬಾಯಿಯ ಜೀವಕೋಶದ ಮಾದರಿಯನ್ನು ಮೈನಸ್ 80 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಡುವ ಫ್ರೀಜರು, ಕರೆಂಟು ಹೋದರೆ ತಾನೇ ಶುರುವಾಗುವ ಜನರೇಟರು, ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತುವ ತಂತ್ರಜ್ಞ ಇದ್ದರೆ.

ಈಗ ಒಂದು ಸಣ್ಣ ಲೆಕ್ಕ. ಒಬ್ಬ ಜೆಆರ್‌ಎಫ್‌ಗೆ ತಿಂಗಳಿಗೆ 37,000ದಂತೆ ವರ್ಷಕ್ಕೆ 4,44,000. ದಾವಣಗೆರೆ ದರದ ಬಾಡಿಗೆ ಭತ್ಯೆ ಸೇರಿಸಿದರೂ ಐದು ಲಕ್ಷದೊಳಗೆ. ಅಂದರೆ ಐದು ಲಕ್ಷ ರೂಪಾಯಿಗೆ, ಕಾಲೇಜಿನಲ್ಲಿ ಈಗಾಗಲೇ ಇರುವ ಸ್ಪೈರೋಮೀಟರ್ ಹಿಡಿದು ಒಬ್ಬ ತರಬೇತಾದ ಹುಡುಗಿ ಒಂದು ವರ್ಷ ಭಟ್ಟಿ ಬೀದಿಯಲ್ಲಿ ಓಡಾಡಬಲ್ಲಳು. ವರ್ಷದ ಕೊನೆಗೆ ಕೈಯಲ್ಲಿರುವ ಪ್ರಾಥಮಿಕ ದತ್ತಾಂಶ ದೆಹಲಿಯ 60 ಲಕ್ಷದ ಅರ್ಜಿಯ ಮೊದಲ ಪುಟವಾಗುತ್ತದೆ. ರಾಜೀವ್ ಗಾಂಧಿ ವಿವಿ ತನ್ನ ಕಾಲೇಜುಗಳ ಅಧ್ಯಾಪಕರಿಗೆ ಸಣ್ಣ ನೆರವು ಕೊಡುತ್ತದೆ, ರಾಜ್ಯದ ವಿಷನ್ ಗ್ರೂಪ್ ಕೂಡ ಯುವ ವಿಜ್ಞಾನಿಗಳಿಗೆ ಬೀಜಧನದ ಯೋಜನೆ ನಡೆಸಿದೆ. ಆದರೆ ಆ ಸಾಲಿನಲ್ಲಿ ಇಡೀ ಕರ್ನಾಟಕ ನಿಂತಿರುತ್ತದೆ.

ಕಲ್ಯಾಣ ಮಂಟಪಕ್ಕೂ ಮಹಾದ್ವಾರಕ್ಕೂ ಧಾರಾಳವಾಗಿ ಕೊಡುವ ಊರಿಗೆ ವರ್ಷಕ್ಕೆ ಐದು ಲಕ್ಷದ ಇಂಥ ನಾಲ್ಕು ಗ್ರಾಂಟ್‌ಗಳು ದೊಡ್ಡ ಮೊತ್ತವಲ್ಲ. ನಿಯಮಗಳು ಕಟ್ಟುನಿಟ್ಟಾಗಿರಬೇಕು ಅಷ್ಟೆ. ಅರ್ಜಿ ಎರಡೇ ಪುಟ, ಅತಿಥಿ ಉಪನ್ಯಾಸಕರಿಗೂ ಅವಕಾಶ, ಹಣ ಜೂನಿನಲ್ಲೇ ಕೈಗೆ, ಆರಿಸುವವರು ಜಿಲ್ಲೆಯ ಹೊರಗಿನವರು, ಕಟ್ಟಡಕ್ಕೆ ಒಂದು ಪೈಸೆಯೂ ಇಲ್ಲ. ಮತ್ತು ಕೊಟ್ಟವರು ಅಕ್ಕಿ ಗಿರಣಿಯವರಿರಲಿ, ಅಡಿಕೆ ಮಂಡಿಯವರಿರಲಿ, ಫಲಿತಾಂಶವನ್ನು ಪ್ರಕಟಣೆಗೆ ಮುಂಚೆ ನೋಡುವಂತಿಲ್ಲ. ಕೊನೆಯ ಈ ಷರತ್ತಿಗೆ ಯಾರು ಮೊದಲು ಸಹಿ ಹಾಕುತ್ತಾರೋ ನೋಡಬೇಕು.